ಮೆಟ್ಟಿಲಿಲ್ಲದ ಮನೆ

ಹಂಗಾರಕಟ್ಟೆ
14-11-2025, ಶುಕ್ರವಾರ, ಮಧ್ಯಾಹ್ನ

ತುಂಗಾಳ ಅಪ್ಪನಿಗೆ, ಪ್ರೀತಿಯಿಂದ,

ಹ್ವಾಯ್, ಹೇಗಿದ್ದೀರಿ? ಫೋನಿನಲ್ಲಿ ದಿನಾ ಇದನ್ನೇ ಕೇಳುತ್ತೇನೆ, ನೀವೂ ದಿನಾ "ಆರಾಮ್" ಅನ್ನುತ್ತೀರಿ. ಇವತ್ತು ಕಾಗದದಲ್ಲಿ ಕೇಳುತ್ತಿದ್ದೇನೆ. ಕಾಗದಕ್ಕಾದರೆ "ಆರಾಮ್" ಅಂದು ಕಟ್ ಮಾಡಲು ಬರುವುದಿಲ್ಲ. ಕೆಮ್ಮು ಕಡಿಮೆಯಾಯಿತೇ? ಪೋಲೆಂಡಿನಲ್ಲಿ ಈಗ ನಾಲ್ಕು ಗಂಟೆಗೇ ಕತ್ತಲೆ ಅಂದಿದ್ದಿರಿ, ಬೆಳಿಗ್ಗೆ ಶಿಪ್‌ಯಾರ್ಡಿಗೆ ಹೋಗುವಾಗ ಕಿವಿ ಮುಚ್ಚಿಕೊಳ್ಳುತ್ತೀರಿ ತಾನೇ? ಅತ್ತೆ ಕುಟ್ಟಿ ಕಟ್ಟಿಕೊಟ್ಟ ಕಾಳುಮೆಣಸಿನ ಪುಡಿ ಮುಗಿದಿರಬೇಕು. ಇದನ್ನು ಬರೆದು ಫೋಟೋ ತೆಗೆದು ಕಳಿಸುತ್ತೇನೆ, ನೀವು ನಿಮ್ಮ ಕಾಗದಪತ್ರ ನನಗೆ ಕಳಿಸುವ ಹಾಗೆ. ರೂಮಿನಲ್ಲಿ ನಾಲ್ಕು ಜನ ಇರುವಾಗ ಓದಬೇಡಿ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಫೋನು ಬಂದ ಕೂಡಲೇ ಅತ್ತೆ ಮಗನ ಮುಖ ನೋಡಲು ನನ್ನ ಭುಜಕ್ಕೆ ಭುಜ ತಾಗಿಸಿ ಕೂರುತ್ತಾರೆ. ಅವರು ಕೇಳಬಾರದ ಮಾತು ಇದರಲ್ಲಿದೆ. ಈಗ ಅವರು ಮೀನು ತೆಗೆದುಕೊಂಡು ಕೋಟದ ಪೇಟೆಗೆ ಹೋಗಿದ್ದಾರೆ. ಎರಡೂವರೆಯ ಬಸ್ಸಿಗೆ ಬರುತ್ತಾರೆ.

ನಿಮ್ಮ ಮಗಳಿಗೆ ಮೇಲಿನ ಹಲ್ಲು ಒಡೆಯುತ್ತಿದೆ. ರಾತ್ರಿ ಗಂಟೆಗೊಮ್ಮೆ ಏಳುತ್ತಾಳೆ, ಅವಳು ಮಲಗಿದರೂ ನನಗೆ ನಿದ್ದೆ ಬರುವುದಿಲ್ಲ. ಡಾಕ್ಟರು ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ, ತಿನ್ನುತ್ತಿದ್ದೇನೆ, ಬೈಯಬೇಡಿ. ನಿನ್ನೆಯಿಂದ ಅವಳು ತೊಟ್ಟಿಲಿನ ಹಗ್ಗ ಹಿಡಿದು ನಿಲ್ಲಲು ನೋಡುತ್ತಾಳೆ. ನಿಮ್ಮ ಅಜ್ಜಿಯ ಹೆಸರು ಇಟ್ಟದ್ದಕ್ಕೆ ಅಜ್ಜಿಯ ಹಟವೂ ಬಂದಿದೆಯಂತೆ, ಅತ್ತೆ ಹೇಳುತ್ತಾರೆ. ಬಂಗುಡೆ ಸಾರು ಮಾಡಿದಾಗಲೆಲ್ಲ ಅವರು ನಿಮ್ಮ ಹೆಸರು ತೆಗೆಯದೆ ಉಣ್ಣುವುದಿಲ್ಲ.

ಮೊದಲು ನಾನೊಂದು ಕಳ್ಳತನ ಒಪ್ಪಿಕೊಳ್ಳುತ್ತೇನೆ. ಆರು ತಿಂಗಳಿಂದ ನಾನು ಪೋಲಿಷ್ ಕಲಿಯುತ್ತಿದ್ದೇನೆ. ಮಗುವಿಗೆ ಹಾಲು ಕೊಡುತ್ತ, ಇನ್ನೊಂದು ಕೈಯಲ್ಲಿ ಫೋನು ಹಿಡಿದು, ದನಿ ಸಣ್ಣ ಮಾಡಿ. ಮುಂದಿನ ವರ್ಷ ನಮ್ಮಿಬ್ಬರನ್ನೂ ಕರೆಸಿಕೊಳ್ಳುತ್ತೇನೆ ಅಂದಿದ್ದಿರಲ್ಲ, ವಿಮಾನ ಇಳಿದವಳೇ ಅವರ ಭಾಷೆಯಲ್ಲಿ ಮಾತಾಡಿ ನಿಮ್ಮ ಬಾಯಿ ಮುಚ್ಚಿಸಬೇಕು ಅಂತಿದ್ದೆ. "ಆ ಭಾಷಿ ಬಾಯಂಗೆ ಹಾಕಂಡ್ರೆ ಮೀನಿನ ಮುಳ್ಳ್ ಸಿಕ್ಕಂಡಂಗೆ ಆತ್ತ್" ಅಂದಿದ್ದಿರಿ, ಅದು ನಿಜವೇ. ಒಂದೊಂದು ಶಬ್ದಕ್ಕೂ ಸಾಲಾಗಿ ನಾಲ್ಕು ವ್ಯಂಜನ, ನಡುವೆ ಉಸಿರಾಡಲು ಸ್ವರವೇ ಇಲ್ಲ. ಬಿ.ಕಾಂ. ಪರೀಕ್ಷೆಗೂ ಇಷ್ಟು ಓದಿರಲಿಲ್ಲ. ಒಂದು ದಿನ ಅತ್ತೆಗೆ ಸಿಕ್ಕಿಬಿದ್ದೆ. ಅವರು ಬೈಯಲಿಲ್ಲ. ಅವರು ಪೇಟೆಯಲ್ಲಿ ಕುಳಿತೇ ಕೊಂಕಣಿ, ತುಳು, ಬ್ಯಾರಿ ಮೂರನ್ನೂ ಕಲಿತವರಲ್ಲವೇ, ನನಗೇ ಪಾಠ ಹೇಳಿದರು. "ಹೊಸ ಭಾಷಿ ಕಲೂದಾರೆ ಮೊದ್ಲ್ 'ಇಲ್ಲೆ' ಅಂಬುದ್ ಕಲಿಕ್. 'ಹೌದ್' ಅಂಬುಕೆ ಭಾಷಿ ಎಂತಕೆ, ತಲಿ ಅಲ್ಲಾಡ್ಸ್ರೆ ಸಾಕ್" ಅಂದರು. ನಾನು ನಕ್ಕಿದ್ದೆ. ನೀವಾದರೋ ಹೋಗಿ ಹನ್ನೊಂದು ತಿಂಗಳಾದರೂ ಕಲಿತದ್ದು 'ತಾಕ್' ಒಂದೇ. ತಾಕ್ ಅಂದರೆ ಹೌದು. "ತಾಕ್ ಒಂದ್ ಇದ್ರೆ ಊರೇ ತಿರ್ಗ್ಲಕ್ಕ್" ಅಂತ ಜಂಬ ಬೇರೆ. ಇಲ್ಲಿಯೂ ನಿಮ್ಮದು ಅದೇ, ಯಾರು ಎಂತ ಕೇಳಿದರೂ ಆಗಲಿ ಅಂತ "ಅಕ್ಕ್, ಅಕ್ಕ್". ಮದುವೆಗೆ ಮೊದಲು ಅದು ನನಗೆ ಒಳ್ಳೆಯ ಗುಣವಾಗಿ ಕಂಡಿತ್ತು.

ಇನ್ನು ವಿಷಯಕ್ಕೆ ಬರುತ್ತೇನೆ. ಕಳೆದ ಶನಿವಾರದಿಂದ ನೀವು ವೀಡಿಯೋದಲ್ಲಿ ಚಮಚ ಹಿಡಿದು ಊಟ ಮಾಡುತ್ತಿದ್ದೀರಿ. ಅಲ್ಲಿಯ ರೂಢಿ ಅಂದಿರಿ. "ಕಾಣ್, ನನ್ನ್ ಮಗ ದೊರೆ ಆಯ್ದ" ಅಂತ ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಆದರೆ ಚಮಚ ಎಡಗೈಯಲ್ಲಿತ್ತು. ಬಲಗೈ ಒಂದು ದಿನವೂ ಫೋನಿಗೆ ಕಾಣಲಿಲ್ಲ. ತುಂಗಾ ಪರದೆಗೆ ಕೈ ಚಾಚಿದಾಗ ನೀವು ಕೈ ಚಾಚಲಿಲ್ಲ, ಮೂಗು ತಂದಿರಿ. ಮಂಗಳವಾರ "ರಜೆ ಕಾಗದ, ಇಟ್ಕೊ" ಅಂತ ಒಂದು ಫೋಟೋ ಕಳಿಸಿದಿರಿ. ಕೆಳಗೆ ನಿಮ್ಮ ಸಹಿ. ಬ್ಯಾಂಕಿನ ಫಾರಂನಲ್ಲಿ, ಮದುವೆಯ ರಿಜಿಸ್ಟರಿನಲ್ಲಿ, ನನಗೆ ಬರೆದ ಮೊದಲ ಚೀಟಿಯಲ್ಲಿ ನೋಡಿದ ಸಹಿ ನನಗೆ ಗೊತ್ತಿಲ್ಲವೇ? ಇದು ಅದಲ್ಲ. ಒಂದನೇ ಕ್ಲಾಸಿನ ಮಗು ಸ್ಲೇಟಿನ ಮೇಲೆ ಬರೆದಂತೆ 'ರತನ್' ಎಂದು ಬಿದ್ದು ಎದ್ದು ಬರೆದಿತ್ತು.

ಆ ಕಾಗದದಲ್ಲಿ ಇದ್ದದ್ದು ಐದೇ ಸಾಲು. ಮೂರನೆಯ ಸಾಲಿನಲ್ಲಿ ನನಗೆ ಗೊತ್ತಿರುವ ಒಂದು ಶಬ್ದ ಸಿಕ್ಕಿತು. ದೊಮ್ ಅಂದರೆ ಮನೆ. ನಾನು ಕಲಿತ ಎರಡನೆಯ ಶಬ್ದ ಅದು, ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ನಮ್ಮಲ್ಲಿ ಮನೆಗೆ, ಮನೆಯಲ್ಲಿ ಅನ್ನುವ ಹಾಗೆ ಅವರಲ್ಲಿಯೂ ಬಾಲ ಬದಲಾಗುತ್ತದೆ. ಇಲ್ಲಿ 'ವ್ ದೊಮು' ಅಂತಿತ್ತು, ಮನೆಯಲ್ಲಿ ಅಂತ. ರಜೆಯ ಕಾಗದದಲ್ಲಿ ಮನೆಗೆ ಎಂತ ಕೆಲಸ? ಫೋನಿಗೆ ತೋರಿಸಿದರೆ ಅದು ಅರ್ಧಂಬರ್ಧ ಓದಿತು, ನಿಮ್ಮ ಫೋಟೋ ಓರೆಯಾಗಿತ್ತು. ಆಮೇಲೆ ಒಂದೊಂದೇ ಅಕ್ಷರ ಹೊಡೆದು, ಒಂದೊಂದೇ ಶಬ್ದ ಹುಡುಕಿ ಬರೆದುಕೊಂಡೆ. ಹೀಗಿದೆ: "ಮನೆಯಲ್ಲಿ ಮೆಟ್ಟಿಲಿನಿಂದ ಬಿದ್ದೆ. ಬಲಗೈಗೆ ಪೆಟ್ಟಾಯಿತು. ಇದು ಕೆಲಸದಲ್ಲಿ ಆದದ್ದಲ್ಲ."

ನೀವು ಹೋದ ಮೊದಲ ವಾರ ಫೋನು ತಿರುಗಿಸಿ ಉಳಿಯುವ ಜಾಗ ಪೂರ್ತಿ ತೋರಿಸಿದ್ದು ನೆನಪಿದೆಯೇ? ಲಾರಿಯ ಡಬ್ಬಿಯ ಹಾಗೆ ಉದ್ದದ ಮನೆ, ನೆಲಕ್ಕೆ ತಾಗಿಕೊಂಡು, ಹೊಸ್ತಿಲೂ ಇಲ್ಲ. "ಮಳಿ ನೀರ್ ಸೀದ ಒಳ್ಗ್ ಬತ್ತ್" ಅಂತ ನಕ್ಕಿದ್ದಿರಿ. ಮೆಟ್ಟಿಲೇ ಇಲ್ಲದ ಮನೆಯಲ್ಲಿ ಯಾವ ಮೆಟ್ಟಿಲಿನಿಂದ ಬಿದ್ದಿರಿ?

ನಾನು ಊಹಿಸುವುದು ತಪ್ಪಿದ್ದರೆ ಸಂಜೆ ನನ್ನನ್ನು ಗೇಲಿ ಮಾಡಿ, ಸಂತೋಷವಾಗಿ ಮಾಡಿಸಿಕೊಳ್ಳುತ್ತೇನೆ. ಆದರೆ ಆದದ್ದು ಹೀಗೆ ಅಂತ ನನಗೆ ಕಾಣುತ್ತದೆ. ಹಡಗಿನ ಕೆಲಸದಲ್ಲೇ ಪೆಟ್ಟಾಗಿದೆ. ಅಲ್ಲಿಯ ಮೇಸ್ತ್ರಿ ನಿಮ್ಮನ್ನು ತನ್ನ ಕಾರಿನಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾನೆ, ಬೆನ್ನು ತಟ್ಟಿದ್ದಾನೆ, ಕುಡಿಯಲು ಬಿಸಿ ಕಾಫಿ ಕೊಡಿಸಿದ್ದಾನೆ. ನಿಮಗೆ ಅವನಲ್ಲಿ ನಮ್ಮ ದೋಣಿ ಮೇಸ್ತ್ರಿ ಗೋವರ್ಧನಣ್ಣ ಕಂಡಿದ್ದಾರೆ. ಇಲ್ಲಿ ದೋಣಿ ಕಟ್ಟುವಾಗ ನಿಮ್ಮ ಕಾಲಿನ ಮೇಲೆ ತಗಡು ಬಿದ್ದ ದಿನ ಗೋವರ್ಧನಣ್ಣ ಸ್ಕೂಟರಿನಲ್ಲಿ ಬ್ರಹ್ಮಾವರಕ್ಕೆ ಕರೆದುಕೊಂಡು ಹೋಗಿ, ಹೊಲಿಗೆ ಮುಗಿಯುವವರೆಗೆ ಕುಳಿತು, ಮೂರು ವಾರ ಮನೆಗೆ ಬಂದು ಹೋದರಲ್ಲ. ಅವರು ಎಲ್ಲಿಯಾದರೂ ಸಹಿ ಹಾಕು ಅಂದಿದ್ದರೆ ನೀವು ಓದುತ್ತಿದ್ದಿರೇ? ಉಪಕಾರ ಮಾಡಿದವರ ಕಾಗದ ಓದಿ ನೋಡುವುದು ಅವರ ಮುಖಕ್ಕೆ ಹೊಡೆದಂತೆ ಅಂತ ಬೆಳೆದವರು ನಾವು. ಅಲ್ಲಿಯೂ ನೀವು ಹಾಗೇ ನಡೆದುಕೊಂಡಿರಿ. ತಾಕ್ ಅಂದಿರಿ.

ಗೋವರ್ಧನಣ್ಣನಿಗೆ ನಿನ್ನೆ ಹೇಳಿಬಿಟ್ಟೆ. ಕ್ಷಮಿಸಿ, ಎದೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ. ತುಂಗಾಳನ್ನು ಸೊಂಟಕ್ಕೆ ಏರಿಸಿಕೊಂಡು ದೋಣಿ ಕಟ್ಟುವಲ್ಲಿಗೇ ಹೋದೆ. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಮನಿಯಂಗೆ ಬಿದ್ದದ್ ಅಂದೇಳಿ ಬರ್ದ್ರ್ಯಾ ಹೆಣ್ಣೇ? ಹಾಂಗಾರೆ ಆ ಕೈಗೆ ಯಜಮಾನ್ರೇ ಇಲ್ದಂಗೆ ಆಯ್ತಲೆ. ನಾಳೆ ಬೆರಳ್ ಮಡ್ಚುಕ್ ಬಾರ್ದಿದ್ರೆ ಯಾರ್ ಕಾಂಬುದ್?" ಅಂದರು. ತುದಿಯಿಲ್ಲದ ತಮ್ಮ ನಡುಬೆರಳನ್ನು ನೋಡಿಕೊಂಡೇ ಅಂದರು.

ವೆಲ್ಡಿಂಗ್ ಮಾಡುವವನ ಬಲಗೈ ಅದು. ಅಷ್ಟೇ ಅಲ್ಲ, ತುಂಗಾಳನ್ನು ಇನ್ನೂ ಒಮ್ಮೆಯೂ ಎತ್ತಿಕೊಳ್ಳದ ಕೈ. ಕೆಲಸ ಹೋದೀತು, ವಾಪಸು ಕಳಿಸಿಯಾರು ಅಂತ ನೀವು ಹೆದರಿದ್ದೀರಿ, ನನಗೆ ಅರ್ಥವಾಗುತ್ತದೆ. ಬರಬೇಕಾದರೆ ಬನ್ನಿ. ನೆಟ್ಟಗಿನ ಕೈ ತೆಗೆದುಕೊಂಡು ಬನ್ನಿ. ನಾಳೆ ಶನಿವಾರ, ಉಲ್ಲಾಸನನ್ನು ಜೊತೆಗೆ ಕರೆದುಕೊಂಡು ಮೇಸ್ತ್ರಿ ಇಲ್ಲದೆ ಆಸ್ಪತ್ರೆಗೆ ಹೋಗಿ. ನಿಮ್ಮ ರೂಮಿನಲ್ಲಿ ನಾಲ್ಕು ಇಂಗ್ಲಿಷ್ ಮಾತು ಧೈರ್ಯವಾಗಿ ಆಡುವವನು ಅವನೊಬ್ಬನೇ. ಡಾಕ್ಟರಿಗೆ ಕೈ ತೋರಿಸಿ 'ವ್ ಪ್ರಾತ್ಸಿ' ಅನ್ನಿ, ಕೆಲಸದಲ್ಲಿ ಅಂತ. ಅಷ್ಟು ಹೇಳಿದರೆ ಮುಂದಿನದನ್ನು ಅವರು ಕೇಳುತ್ತಾರೆ. ಅತ್ತೆಗೆ ನಾನು ಹೇಳುವುದಿಲ್ಲ, ನೀವೇ ಹೇಳಬೇಕು. ಚಮಚ ನೋಡಿ ನಕ್ಕದ್ದಕ್ಕೆ ಅವರು ಆಮೇಲೆ ಎಷ್ಟು ಅಳುತ್ತಾರೋ.

ಉಲ್ಲಾಸನಿಗೆ ನೆನಪು ಹೇಳಿ. ಅತ್ತೆಯ ಆಶೀರ್ವಾದ ಯಾವತ್ತೂ ನಿಮ್ಮ ತಲೆಯ ಮೇಲಿದೆ, ಕೇಳಿ ಬರೆಯಬೇಕಾಗಿಲ್ಲ. ಈ ಪುಟದ ಮೂಲೆಯಲ್ಲಿ ಕಾಣುವ ಒದ್ದೆ ಕಲೆ ತುಂಗಾಳ ಜೊಲ್ಲು, ನನ್ನ ಕಣ್ಣೀರು ಅಂದುಕೊಳ್ಳಬೇಡಿ.

ನಿಮ್ಮ ಕೈ ಹಿಡಿದವಳು,
ಪೂಜಿತಾ

ಮತ್ತೆ: ಬಸ್ಸು ಬಂತು, ಅಂಗಳದಲ್ಲಿ ಅತ್ತೆಯ ದನಿ ಕೇಳುತ್ತಿದೆ, ಬೇಗ ಬರೆಯುತ್ತೇನೆ. "ಸೋಮವಾರ ಇನ್ನೊಂದ್ ಪೇಪರ್ ಇತ್ತ್, ಅದಕ್ಕೂ ಸಹಿ ಹಾಕ್ರೆ ಮುಗೀತ್" ಅಂತ ನಿನ್ನೆ ವಾಯ್ಸ್ ಹಾಕಿದ್ದೀರಿ. ಮುಗಿಯುವುದು ಎಂತ ಅಂತ ತಿಳಿಯದೆ ಹಾಕಬೇಡಿ. ಮೇಸ್ತ್ರಿ ಪೆನ್ನು ಕೊಟ್ಟಾಗ 'ನ್ಯೆ ಪೊತ್‌ಪಿಷೆ' ಅನ್ನಿ. ಸಹಿ ಹಾಕುವುದಿಲ್ಲ ಅಂತ ಅದರ ಅರ್ಥ. ನನ್ನ ದನಿಯಲ್ಲಿ ಹೇಳಿ ಕಳಿಸಿದ್ದೇನೆ, ಸೋಮವಾರದೊಳಗೆ ನೂರು ಸಲ ಹೇಳಿ ಬಾಯಿಗೆ ಬರಿಸಿಕೊಳ್ಳಿ. ಹೇಳುವಾಗ ಮಾತ್ರ, ದಮ್ಮಯ್ಯ, ತಲೆ ಅಲ್ಲಾಡಿಸಬೇಡಿ.