ಚಾಲಕ ಬ್ರೇಕ್ ಒತ್ತಿಲ್ಲ

ಮಾರ್ಚ್ 3, ಭಾನುವಾರ

ಆರು ವರ್ಷದ ಹಿಂದೆ, ಸೆಪ್ಟೆಂಬರ್ ಹನ್ನೆರಡರಂದು, ತನಿಖಾ ಕಚೇರಿಯವರು ಕಾರು ಗೋಡೆಗೆ ಗುದ್ದಿ ಸತ್ತ ನನ್ನ ತಮ್ಮನ ಮೇಲೆ ಒಂದು ಸಾಲು ಹೊರಿಸಿದರು: "ಚಾಲಕ ಬ್ರೇಕ್ ಒತ್ತಿಲ್ಲ, ಪ್ರಾಣ ಕಳೆದುಕೊಳ್ಳುವ ಉದ್ದೇಶವಿದ್ದಂತಿದೆ." ವರದಿಯ ಪುಟ ನಾಲ್ಕು, ಕೊನೆಗೆ. ಆಧಾರ? ಬ್ರೇಕ್ ಪ್ಯಾಡ್ ಹೊಸದು, ಸವೆದ ಗುರುತಿಲ್ಲ. ಅಷ್ಟೇ. ಮೂವತ್ತು ವರ್ಷ ಅಚ್ಚಿನ ಮನೆಯಲ್ಲಿ ಕರಡು ತಿದ್ದಿದವನು ನಾನು. ಆ ಸಾಲು ತಿದ್ದಲಾಗಲಿಲ್ಲ. ಅಮ್ಮ ಅದನ್ನೇ ನಂಬಿ ಕಣ್ಣು ಮುಚ್ಚಿದಳು.

ಬ್ರೇಕಿನ ಬಗ್ಗೆ ಓದಿದ್ದು ಸಾಕು. ಕೈಯಾರೆ ಕಲಿಯಬೇಕು. ಹಳೇ ಕಾರಿನ ಹುಚ್ಚಿನವರ ಗುಂಪಿನಿಂದ ಇಬ್ಬರು ಒಪ್ಪಿದ್ದಾರೆ — ಹಲ್ಲಿನ ಡಾಕ್ಟರಮ್ಮ, ಬೇಕರಿಯವರು. ಮೊದಲು ನನ್ನ ಕಾರು. ಆಮೇಲೆ ಶೆಡ್ಡಿನಲ್ಲಿರುವ ತಮ್ಮನದು.

ಮಾರ್ಚ್ 10, ಭಾನುವಾರ. ಮಧ್ಯಾಹ್ನ

ಬೆನ್ನು ಹಿಡಿದುಕೊಂಡಿದೆ. ಆದರೂ ಖುಷಿ.

ಜಾಕ್ ಏರಿಸಿ, ಚಕ್ರ ಬಿಚ್ಚಿ, ಎರಡು ಬೋಲ್ಟ್ ತೆಗೆದೆ. ಹಳೇ ಪ್ಯಾಡು ಸವೆದು ಬಿಸ್ಕತ್ತಿನಷ್ಟು ತೆಳ್ಳಗೆ. "ನಮ್ಮ ಅಂಗಡೀಲಿ ಇದಕ್ಕಿಂತ ದಪ್ಪ ಕೊಡ್ತೀವಿ" ಅಂದರು ಬೇಕರಿಯವರು. ಹೊಸದು ಕೂರಬೇಕಾದರೆ ಪ್ಯಾಡನ್ನು ತಳ್ಳುವ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು.

"ನಿಧಾನ ಅಂಕಲ್. ಹಲ್ಲು ಕೀಳೋ ಹಾಗಲ್ಲ, ಕೂರಿಸೋ ಹಾಗೆ" ಅಂದಳು ಡಾಕ್ಟರಮ್ಮ.

"ಹೀಗೇ ಹೇಳಿ ನಂದು ನಾಲ್ಕು ಕಿತ್ತರು ಸರ್ ಇವರು."

ಎಲ್ಲ ಕೂರಿಸಿ ಹೊರಡಲು ನೋಡಿದೆ. ಡಾಕ್ಟರಮ್ಮ ಕೀ ಕಿತ್ತುಕೊಂಡಳು. "ಮೊದಲು ಪೆಡಲ್ ಒತ್ತಿ ನೋಡಿ."

ಒತ್ತಿದೆ. ಕಾಲು ಸೀದಾ ನೆಲಕ್ಕೆ ಹೋಯಿತು. ನೀರಿನಲ್ಲಿ ಇಟ್ಟ ಹಾಗೆ.

"ನೋಡಿದ್ರಾ? ಪಿಸ್ಟನ್ ಮುಂದೆ ಬಂದು ಪ್ಯಾಡ್ ಮುಟ್ಟೋ ತನಕ ಬ್ರೇಕೇ ಇಲ್ಲ. ಐದಾರು ಸಲ ಒತ್ತಿ ಗಟ್ಟಿ ಮಾಡ್ಕೊಂಡೇ ಹೊರಡಬೇಕು. ಎಷ್ಟೋ ಮೆಕ್ಯಾನಿಕ್‌ಗಳೇ ಮರೀತಾರೆ."

ಮರೀತಾರೆ... ತಮ್ಮ ಅವತ್ತು ಗ್ಯಾರೇಜಿನಲ್ಲಿ ಹೊಸ ಪ್ಯಾಡ್ ಹಾಕಿಸಿಕೊಂಡು ಹೊರಟಿದ್ದ. ಗೇಟು ದಾಟಿದರೆ ಇಳಿಜಾರು. ಇಳಿಜಾರಿನ ಕೊನೆಗೆ ಗೋಡೆ.

ಮಾರ್ಚ್ 17, ಭಾನುವಾರ. ಬೆಳಿಗ್ಗೆ 11

ತಮ್ಮನ ಕಾರಿನ ಎಡಭಾಗ ನುಜ್ಜುಗುಜ್ಜು. ಬಲಗಡೆ ಚಕ್ರ ಹಾಗೇ ಇದೆ. ಬಿಚ್ಚಿದೆವು. ಪ್ಯಾಡಿಗೂ ಅದು ಹಿಡಿಯಬೇಕಾದ ಡಿಸ್ಕಿಗೂ ನಡುವೆ ಸಂದು. ಟಾರ್ಚಿನ ಬೆಳಕು ಆಚೆ ಬಂತು.

"ಯಾರೂ ಗಟ್ಟಿ ಮಾಡಿಲ್ಲ ಅಂಕಲ್. ಒತ್ತಿದ್ರೂ ಹಿಡೀತಿರಲಿಲ್ಲ." ಡಾಕ್ಟರಮ್ಮನ ದನಿ ಇಳಿದಿತ್ತು. ಫೋಟೋ ತೆಗೆದಳು.

ಆಗಲೇ ಪಿಸ್ಟನ್ ಅಲ್ಲಾಡಿತು. ಒಂದು ಎಳೆಯಷ್ಟು ಮುಂದೆ.

"ಯಾರ್ರೀ ಪೆಡಲ್ ಒತ್ತಿದ್ದು?" ಬೇಕರಿಯವರು ಕೇಳಿದರು. ಮೂವರೂ ಚಕ್ರದ ಹತ್ತಿರವೇ ಕೂತಿದ್ದೆವು. ಕಾರಿಗೆ ಬೀಗ. ಕೀ ನನ್ನ ಜೇಬಿನಲ್ಲಿ.

ಕಿಟಕಿಯಿಂದ ಬಗ್ಗಿ ನೋಡಿದೆ. ಸೀಟು ಖಾಲಿ. ಪೆಡಲ್ ನೆಲಕ್ಕೆ ಅಂಟಿತ್ತು. ನೋಡುತ್ತಿದ್ದಂತೆ ಮೇಲೆ ಬಂತು. ಮತ್ತೆ ಕೆಳಗೆ. ತುಂಬ ಆತುರದ ಕಾಲು.

ಬೇಕರಿಯವರು ಸ್ಪ್ಯಾನರ್ ಎತ್ತಿಕೊಳ್ಳಲೂ ನಿಲ್ಲಲಿಲ್ಲ.

ಏಪ್ರಿಲ್ 2, ಮಂಗಳವಾರ

ಭಾನುವಾರ ಎರಡು ಹೋದವು. ಇಬ್ಬರೂ ಫೋನ್ ಎತ್ತುತ್ತಿಲ್ಲ. ತಪ್ಪು ಅನ್ನಲಾರೆ.

ಪಿಸ್ಟನ್ ದಿನಕ್ಕೊಂದು ಎಳೆ ಮುಂದೆ ಬರುತ್ತಿದೆ. ಸಂದು ಮುಚ್ಚಿಹೋದರೆ ತೋರಿಸಲು ನನ್ನ ಹತ್ತಿರ ಏನಿದೆ? ನಾನೇ ಹಿಂದಕ್ಕೆ ಒತ್ತಿದರೆ ಅದು ಸುಳ್ಳು ಸಾಕ್ಷಿ. ಒತ್ತಲ್ಲ.

ತನಿಖಾ ಕಚೇರಿಗೆ ಫೋನ್ ಮಾಡಿದೆ.

"ಆ ಫೈಲ್ ಕ್ಲೋಸ್ ಆಗಿದೆ ಸರ್."

"ಒಂದ್ಸಲ ಬಂದು ನೋಡಿ ಹೋಗಿ."

"ಕಾರು ಓಡ್ತಿದೆಯಾ?"

"ಇಲ್ಲ. ನಿಂತಿದೆ."

"ನಿಂತಿರೋ ಕಾರಿನ ಬ್ರೇಕ್‌ನಲ್ಲಿ ನೋಡೋದೇನಿದೆ ಸರ್?"

ಫೋಟೋ ಕಳಿಸಿದ್ದೆ. ಯಾವ ಕಾರಿನದೋ ಅಂದರು.

ಏಪ್ರಿಲ್ 9. ಸಂಜೆ 4

ಶೆಡ್ಡಿನಲ್ಲಿ ಕೂತು ಬರೆಯುತ್ತಿದ್ದೇನೆ. ಸಂದಿನಲ್ಲಿ ಈಗ ಕಾಗದವಷ್ಟೇ ಹೋಗುತ್ತದೆ. "ಸಾಕು ಬಿಡೋ, ನಂಗೆ ಗೊತ್ತಾಯ್ತು" ಅಂದೆ. ಪೆಡಲ್ ಒಂದು ಕ್ಷಣ ನಿಂತಿತು. ಮತ್ತೆ ಶುರು. ನನಗೆ ಗೊತ್ತಾದರೆ ಅವನಿಗೆ ಸಾಲದು.

ಸರಿ. ನಾಳೆ ಎಲ್ಲ ಪತ್ರಿಕೆಗೂ ಈ ದಿನಚರಿಯೇ ಹೋಗುತ್ತದೆ. ತನಿಖಾ ಕಚೇರಿಯವರು ಇಲ್ಲಿಗೆ ಬರಲಿ. ಈ ಕಿಟಕಿಯಲ್ಲಿ ಬಗ್ಗಿ ನೋಡಲಿ. ಆರು ವರ್ಷದ ಮೇಲೂ ಬ್ರೇಕ್ ಬಿಡದೆ ಒತ್ತುತ್ತಿರುವುದು ಯಾರು, ಊರಿನೆದುರು ಉತ್ತರ ಕೊಡಲಿ.