ಕಹಿಯಿಲ್ಲದ ಸಮುದ್ರ

ಚನ್ನಗಿರಿ
7 ನವೆಂಬರ್ 2024, ಗುರುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹೋದ ತಿಂಗಳು ಫೋನಿನಲ್ಲಿ ನೀನು ಕೆಮ್ಮುತ್ತಿದ್ದೆ, ಈಗ ಕಡಿಮೆಯಾಯಿತಾ? ಪ್ರತಿ ಸಲವೂ ನಾನು ಮಲ್ಪೆಯ ಸೆಖೆ ಹೇಗಿದೆ ಎಂದು ಕೇಳುತ್ತಿದ್ದೆ. ಈ ಸಲ ಜಗಳೂರಿನ ಬಿಸಿಲು ಹೇಗಿದೆ ಎಂದು ಕೇಳುತ್ತಿದ್ದೇನೆ. ಓದುವುದನ್ನು ಇಲ್ಲಿಗೇ ನಿಲ್ಲಿಸಬೇಡ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ‘ಹೂಂ, ಹೇಳೋ ರೇಣು’ ಎಂದ ಕೂಡಲೇ ನನ್ನ ಮಾತು ಒಳಗೆ ಸರಿದುಬಿಡುತ್ತದೆ. ಎಂ.ಎ. ವೈವಾದಲ್ಲೂ ಹಾಗೇ ಆಗಿತ್ತಲ್ಲ. ಪರೀಕ್ಷಕರು ಕೇಳಿದ್ದಕ್ಕೆಲ್ಲ ಉತ್ತರ ಗೊತ್ತಿತ್ತು. ಮನೆಗೆ ಬಂದು ಅಷ್ಟನ್ನೂ ನಿನ್ನೆದುರು ಹೇಳಿದ್ದೆ, ನೀನು ಅಕ್ಕಿ ಆರಿಸುತ್ತಾ ಕೇಳಿದ್ದೆ.

ಇಲ್ಲಿ ಅಪ್ಪಾಜಿ ಆರಾಮವಾಗಿದ್ದಾರೆ. ಮೊಣಕಾಲು ನೋವಿದೆ, ಆದರೂ ಪಂಪ್‌ಸೆಟ್ ಅಂಗಡಿಯಲ್ಲಿ ನೆಲದ ಮೇಲೆ ಕೂತೇ ಮೋಟರು ಬಿಚ್ಚುತ್ತಾರೆ. ದೀಪಾವಳಿಗೆ ನಿನಗೆ ರಜೆ ಸಿಗಲಿಲ್ಲವೆಂದು ನಿನ್ನ ಪಾಲಿನ ಕರ್ಚಿಕಾಯಿಯನ್ನು ಡಬ್ಬಿಯಲ್ಲಿ ತೆಗೆದಿಟ್ಟರು. ‘ಮೀನು ಕಂಪನಿಯೋರಿಗೆ ನಮ್ಮ ಹಬ್ಬ ಹೆಂಗೆ ಗೊತ್ತಾಗತೈತೆ’ ಎಂದು ಒಂದೆರಡು ಸಲ ಹೇಳಿದರು. ಅಜ್ಜಿಯ ಕಣ್ಣು ಇನ್ನಷ್ಟು ಮಂದವಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ಈಗಲೂ ಕೇರಿಯವರ ಉಪ್ಪಿನಕಾಯಿಗೆಲ್ಲ ಉಪ್ಪು ನೋಡಲು ಅವಳೇ ಬೇಕು. ನಾನು ನ್ಯಾಮತಿಯ ಕಾಲೇಜಿಗೆ ಹೋಗಿಬರುತ್ತಿದ್ದೇನೆ. ಅತಿಥಿ ಉಪನ್ಯಾಸಕ ಎನ್ನುತ್ತಾರೆ. ನನ್ನ ದನಿ ಹಿಂದಿನ ಬೆಂಚಿಗೆ ಕೇಳುವುದಿಲ್ಲವಂತೆ, ಹುಡುಗಿಯರು ‘ಸಾರ್, ವಾಲ್ಯೂಮ್’ ಎನ್ನುತ್ತಾರೆ.

ಅಕ್ವೇರಿಯಂ ವಿಷಯಕ್ಕೆ ಬರುತ್ತೇನೆ. ಹೋದ ವರ್ಷದ ದೀಪಾವಳಿಗೆ ನೀನು ಬಸ್ಸಿಳಿದಾಗ ನಿನ್ನ ಎರಡೂ ಕೈಯಲ್ಲಿ ಇಪ್ಪತ್ತಿಪ್ಪತ್ತು ಲೀಟರಿನ ನೀಲಿ ಡಬ್ಬಿ, ಹೆಗಲಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿದ ಕಲ್ಲು. ‘ಸಮುದ್ರ ತಂದೀನಿ ತಗಳೋ’ ಎಂದೆ. ಆಮೇಲೆ ಒಂದು ವಾರ ನಾವಿಬ್ಬರೂ ಮಾಡಿದ್ದನ್ನು ನಾನು ಇವತ್ತಿಗೂ ಒಂದೊಂದಾಗಿ ನೆನೆಯಬಲ್ಲೆ. ಹೊನ್ನಾಳಿಯ ಗಾಜಿನ ಅಂಗಡಿಯವನಿಂದ ಉಳಿಕೆ ಗಾಜು ಕತ್ತರಿಸಿ ತಂದು ಅರವತ್ತು ಲೀಟರಿನ ತೊಟ್ಟಿ ಅಂಟಿಸಿದೆವು. ಅಲೆ ಎಬ್ಬಿಸುವ ಯಂತ್ರದ ಬೆಲೆ ಕೇಳಿ ನೀನು ನಕ್ಕೆ. ಅಪ್ಪಾಜಿ ಗುಜರಿಗೆ ಹಾಕಿದ್ದ ಏರ್‌ಕೂಲರಿನ ಪುಟ್ಟ ಪಂಪು ಅಲೆಯಾಯಿತು. ಬಿಸಿಲುಗಾಲಕ್ಕೆ ಹಳೇ ಕಂಪ್ಯೂಟರಿನ ಫ್ಯಾನು, ಬೆಳಕಿಗೆ ಎರಡು ಬಿಳಿ ಬಲ್ಬು ಮತ್ತೊಂದು ನೀಲಿ. ಆರಿಹೋದ ನೀರಿನ ಬದಲಿಗೆ ಐದು ರೂಪಾಯಿ ನಾಣ್ಯ ಹಾಕಿ ತರುವ ಶುದ್ಧ ನೀರು. ಉಪ್ಪು ಆರುವುದಿಲ್ಲ, ನೀರಷ್ಟೇ ಆರುತ್ತದೆ ಎಂದು ನೀನು ಹೇಳಿಕೊಟ್ಟಿದ್ದನ್ನು ನಾನು ಗಾಜಿನ ಹಿಂದೆ ಚೀಟಿ ಬರೆದು ಅಂಟಿಸಿದ್ದೆ. ಸಮುದ್ರದ ಉಪ್ಪಿನ ಪುಡಿ ಕೊಳ್ಳುವ ಶಕ್ತಿ ನಮಗಿರಲಿಲ್ಲ. ‘ಅದನ್ನ್ಯಾಕೆ ಕೊಳ್ತೀಯ, ನಾನು ಸಮುದ್ರದ ಪಕ್ಕದಾಗೇ ಇರ್ತೀನಿ. ತಿಂಗಳಿಗೊಂದು ಡಬ್ಬಿ ಬಸ್ಸಿಗೆ ಹಾಕ್ತೀನಿ’ ಎಂದೆ. ಇಡೀ ತೊಟ್ಟಿ ನಿಂತದ್ದು ಆ ಒಂದು ಮಾತಿನ ಮೇಲೆ.

ಮೀನು ಮನೆಯೊಳಗೆ ಬರಕೂಡದು ಎಂದು ಅಪ್ಪಾಜಿ ಎದ್ದು ನಿಂತದ್ದು, ‘ಇಷ್ಟು ದೊಡ್ಡ ಸೂಳೆಕೆರೆ ಪಕ್ಕದಾಗೆ ಐತೆ, ಇವನಿಗೆ ಸಮುದ್ರದ ನೀರೇ ಬೇಕಂತೆ’ ಎಂದು ಗೊಣಗಿದ್ದು ನೆನಪಿದೆಯಾ? ಆಗ ಅಜ್ಜಿ ಮೀನಿದ್ದ ಪ್ಲಾಸ್ಟಿಕ್ ಕವರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ಕಾವಿ ಬಣ್ಣದ ಮೈ, ಅದರ ಮೇಲೆ ಮೂರು ಬಿಳಿ ಪಟ್ಟೆ. ‘ಅಯ್ಯೋ ಶಿವನೇ, ಕಾವಿ ಉಟ್ಟು ವಿಭೂತಿ ಹಚ್ಚಿಕೊಂಡು ಬಂದೈತಲ್ಲೋ ಇದು. ಇದು ಮೀನಲ್ಲ, ಅಯ್ನೋರು. ಬಿಡು ಒಳಗೆ’ ಎಂದಳು. ಅವತ್ತಿಂದ ಅದರ ಹೆಸರು ಅಯ್ನೋರು. ಅಜ್ಜಿ ಪೂಜೆ ಮುಗಿಸಿ ಬಂದು ‘ಅಯ್ನೋರ ಪ್ರಸಾದ ಆಯ್ತೇನೋ’ ಎಂದು ಕೇಳುತ್ತಾಳೆ. ಕಾಳು ಕಾಳಾದ ಆಹಾರದ ಡಬ್ಬಿಯ ಮೇಲಿನ ಚೀಟಿಯನ್ನು ನಾನು ಓದಲು ಹೋದರೆ ತಡೆಯುತ್ತಾಳೆ: ‘ಅದರಾಗೆ ಏನೈತೆ ಅಂತ ನನಗೆ ಹೇಳಬ್ಯಾಡ.’ ಶಿವಮೊಗ್ಗದ ಓಬಣ್ಣ ಎಂಬ ಹವ್ಯಾಸಿ ತಾವೇ ಬೆಳೆಸಿದ ಮೆದು ಹವಳದ ಒಂದು ತುಣುಕು ಕೊಟ್ಟರು. ಅಂಗಿಯ ಗುಂಡಿಯಷ್ಟೇ ಅಗಲದ ಹಸಿರು ಬಾಯಿಗಳು, ಬೆಳಕು ಹಾಕಿದರೆ ಅರಳುತ್ತಿದ್ದವು. ತಂದಾಗ ಒಂಬತ್ತಿದ್ದವು. ಏಪ್ರಿಲ್ ಹೊತ್ತಿಗೆ ಮೂವತ್ತೊಂದಾದವು. ಪ್ರತಿಯೊಂದು ಹೊಸ ಗುಂಡಿಯ ಫೋಟೋವನ್ನೂ ನಿನಗೇ ಮೊದಲು ಕಳಿಸಿದ್ದೇನೆ.

ಮೇ ತಿಂಗಳಿಂದ ಡಬ್ಬಿ ಶಿವಮೊಗ್ಗದ ಬಸ್ಸಿನ ಬದಲು ದಾವಣಗೆರೆಯ ಬಸ್ಸಿನಲ್ಲಿ ಬರತೊಡಗಿತು. ಕರಾವಳಿಯಿಂದ ಬರುವುದು ಆ ದಿಕ್ಕಿನಿಂದೇಕೆ ಬರುತ್ತದೆ ಎಂದು ನನಗೆ ಅನ್ನಿಸಿತ್ತು. ‘ಗೊತ್ತಿರೋ ಕಂಡಕ್ಟರ್ ಕಣೋ, ಜೋಪಾನ ತರ್ತಾರೆ’ ಎಂದೆ ನೀನು. ನಂಬಿದೆ. ವಿಡಿಯೋ ಕಾಲ್ ನಿಂತಿತು. ನೆಟ್‌ವರ್ಕ್ ಇಲ್ಲ ಎಂದೆ ನೀನು. ಅದನ್ನೂ ನಾನು ನಂಬಿದೆ. ಜುಲೈಯಲ್ಲಿ ನೀನು ದಡದಿಂದ ಆರಿಸಿ ತಂದಿದ್ದ ಶಂಖದ ಏಡಿ ಸತ್ತಿತು. ಆಗಸ್ಟಿನಿಂದ ಗುಂಡಿಗಳು ಬಾಯಿ ತೆರೆಯುವುದನ್ನು ಬಿಟ್ಟವು. ಒಂದೊಂದಾಗಿ ಬೂದು ಬಣ್ಣಕ್ಕೆ ತಿರುಗಿ ಕರಗಿ ಹೋದವು. ಕಲ್ಲಿನ ಮೇಲಿನ ನೇರಳೆ ಪಾಚಿಯ ಲೇಪ ಸುಣ್ಣದಂತಾಯಿತು. ನಾನು ಉಪ್ಪು ಅಳೆಯುವ ಗಾಜಿನ ಕಡ್ಡಿಯನ್ನು ಮತ್ತೆ ಮತ್ತೆ ತೇಲಿಬಿಟ್ಟೆ. ಪ್ರತಿ ಸಲವೂ ಅದು ನೀನು ಹೇಳಿಕೊಟ್ಟ ಗೆರೆಯಲ್ಲೇ ನಿಂತಿತು. ತಪ್ಪು ನನ್ನದೇ ಎಂದುಕೊಂಡೆ. ಬಲ್ಬು ಬದಲಾಯಿಸಿದೆ, ಆಹಾರ ಕಡಿಮೆ ಮಾಡಿದೆ, ಕೈಯಲ್ಲಿ ಸೋಪಿನ ಅಂಶ ಉಳಿದಿರಬಹುದೆಂದು ಸೋಪು ಮುಟ್ಟುವುದನ್ನೇ ಬಿಟ್ಟೆ. ನಿನಗೆ ಅಳುತ್ತಾ ಫೋನು ಮಾಡಿದ ದಿನ ನೀನು ಏನೆಂದೆ ನೆನಪಿದೆಯಾ? ‘ನೀರು ಇನ್ನೊಂದು ಸ್ವಲ್ಪ ಬದಲಾಯಿಸು ರೇಣು, ಸರಿ ಹೋಗ್ತವೆ.’

ಹಬ್ಬದ ಹಿಂದಿನ ವಾರ ಕಾಲೇಜಿನಿಂದ ಬಂದಾಗ ಅಜ್ಜಿ ಹಿತ್ತಲಲ್ಲಿ ನೀಲಿ ಡಬ್ಬಿ ಓರೆ ಮಾಡಿ ಚೊಂಬಿಗೆ ನೀರು ಬಗ್ಗಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ನೆಲ್ಲಿಕಾಯಿಯ ಭರಣಿ. ನಾನು ಜೀವಮಾನದಲ್ಲಿ ಎರಡನೇ ಸಲ ಜೋರಾಗಿ ಕೂಗಿದೆ. ಅವಳು ತಿರುಗಿಯೂ ನೋಡಲಿಲ್ಲ. ‘ಯಾಕೆ ಕಿರುಚ್ತೀಯ? ಇದು ಅಡಿಗೆ ಉಪ್ಪಿನ ನೀರು. ಚೆಲ್ಲಾಕೆ ಮನಸ್ಸು ಬರಲಿಲ್ಲ’ ಎಂದಳು. ನಾನು, ಇದು ಅಕ್ಕ ಕಳಿಸಿದ ಸಮುದ್ರದ ನೀರು ಎಂದೆ. ಅವಳು ಬೆರಳು ಅದ್ದಿ ನನ್ನ ತುಟಿಗೆ ಇಟ್ಟಳು. ‘ಕಹಿ ಎಲ್ಲೈತೆ ಹೇಳು? ಹೋದ ವರ್ಷ ಅವಳು ತಂದ ನೀರು ನೆಕ್ಕಿ ನಾನು ಥೂ ಅಂತ ಉಗುಳಿದ್ದೆ, ಬೇವು ಕಡಿದಂಗೆ ಇತ್ತು. ಇದು ಬರೇ ಉಪ್ಪು. ಬೇಸಿಗೆಯಿಂದ ಹಿಂಗೇ ಬರ್ತೈತೆ.’

ಬೇಸಿಗೆಯಿಂದ ಗೊತ್ತಿತ್ತು ಅವಳಿಗೆ. ಗುಂಡಿಗಳು ಸಾಯುವುದನ್ನು ನನ್ನ ಪಕ್ಕದಲ್ಲಿ ಕೂತೇ ನೋಡಿದಳು. ಯಾಕೆ ಹೇಳಲಿಲ್ಲ ಎಂದು ಕೇಳಿದರೆ, ‘ಹೆಣ್ಣು ಹುಡುಗಿ ಒಂದು ಸುಳ್ಳಿಗೆ ಇಷ್ಟು ಕಷ್ಟ ಪಡ್ತಾಳೆ ಅಂದಮೇಲೆ ಏನೋ ಇರತೈತೆ. ಹೂವು ಮತ್ತೆ ತರಬಹುದು ಬಿಡೋ’ ಎಂದಳು. ನಿನ್ನ ಪರವಾಗಿ ಅವಳು ಸುಮ್ಮನಿದ್ದಳು. ನನ್ನ ಪರವಾಗಿ ಯಾರಿದ್ದರು ಅಕ್ಕಾ ಈ ಮನೆಯಲ್ಲಿ?

ಡಬ್ಬಿ ತರುವ ಕಂಡಕ್ಟರ್ ಉಚ್ಚಂಗೆಪ್ಪನವರನ್ನು ಬಸ್‌ಸ್ಟ್ಯಾಂಡಿನಲ್ಲಿ ಹಿಡಿದು ಕೇಳಿದೆ. ಅವರಿಗೆ ಮುಚ್ಚಿಡುವುದೇನೂ ಇರಲಿಲ್ಲ. ‘ಜಗಳೂರು ಬಸ್‌ಸ್ಟ್ಯಾಂಡ್ ಎದುರಿಗೆ ಜೆರಾಕ್ಸ್ ಅಂಗಡಿ ಐತಲ್ರೀ, ಅಲ್ಲಿ ಆಯಮ್ಮ ಕೊಡ್ತಾರೆ. ಏನ್ರೀ ಅದು, ಅಷ್ಟು ಭಾರ? ಗಂಗಾಜಲವಾ?’ ಎಂದು ನಕ್ಕರು. ಸೋಮವಾರ ಕಾಲೇಜಿಗೆ ರಜೆ ಹಾಕಿ ಜಗಳೂರಿಗೆ ಬಂದೆ. ಬಸ್‌ಸ್ಟ್ಯಾಂಡಿನ ಕಂಬದ ಮರೆಯಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ನೀನು ಯಾರದೋ ಆಧಾರ್ ಕಾರ್ಡು ಲ್ಯಾಮಿನೇಷನ್ ಮಾಡುತ್ತಿದ್ದೆ. ಗೋಡೆಯಲ್ಲಿ ಬುದ್ಧನ ಪಟ. ಬಾಗಿಲ ಪಕ್ಕ ನಮ್ಮ ನೀಲಿ ಡಬ್ಬಿ, ಅದರ ಮೇಲೆ ಒಂದು ಕೆ.ಜಿ.ಯ ಕಲ್ಲುಪ್ಪಿನ ಎರಡು ಪ್ಯಾಕೆಟ್. ಒಳಗೆ ಕಂಪ್ಯೂಟರಿನ ಮುಂದೆ ಕೂತವರನ್ನು ನೋಡಿ ನೀನು ‘ರೀ, ಪೇಪರ್ ಮುಗಿದೈತೆ ನೋಡ್ರೀ’ ಎಂದೆ. ಅಂಗಡಿಗೆ ಬಂದವರಿಗೆ ಹೇಳುವ ರೀ ಬೇರೆ ಇರುತ್ತದೆ. ಅದನ್ನು ಕೇಳಿದ ಮೇಲೆ ನಿನ್ನ ಕೊರಳು ನೋಡುವ ಅಗತ್ಯ ನನಗಿರಲಿಲ್ಲ. ಪಕ್ಕದ ಟೀ ಅಂಗಡಿಯವನು ಹೇಳಿದ, ಆ ಜೆರಾಕ್ಸ್ ಅಂಗಡಿಯ ಭೀಮೇಶ್ ಮಲ್ಪೆಯ ಕಂಪನಿಯಲ್ಲಿ ಕೆಲಸಕ್ಕಿದ್ದವರು, ಏಪ್ರಿಲ್‌ನಲ್ಲಿ ಮದುವೆಯಾಗಿ ಊರಿಗೇ ಬಂದರು, ಒಳ್ಳೆಯವರು ಎಂದು. ನಾನು ಟೀ ಕುಡಿಯದೆ ದುಡ್ಡು ಕೊಟ್ಟು ಬಂದೆ.

ಭೀಮೇಶ್ ಅವರ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನೀನು ನಗುತ್ತಿದ್ದೆ, ಅದನ್ನು ನೋಡಿದೆ. ಬೇರೆ ಜಾತಿಯವರನ್ನು ಮದುವೆಯಾದರೆ ಅಪ್ಪಾಜಿ ಏನು ಹೇಳುತ್ತಿದ್ದರೋ ನಿನಗೆ ಗೊತ್ತು, ನನಗೂ ಗೊತ್ತು. ನಾನು ಏನು ಹೇಳುತ್ತಿದ್ದೆ ಎಂದು ಮಾತ್ರ ನೀನು ಕೇಳಲೇ ಇಲ್ಲ. ಅಮ್ಮ ಹೋದ ಮೇಲೆ ನಾನು ಮಾತಾಡಿದ್ದೆಲ್ಲ ನಿನ್ನೊಬ್ಬಳ ಹತ್ತಿರ. ಹೋದ ವರ್ಷ ನೀನು ಕೆಲಸಕ್ಕೆ ಹೊರಟಾಗ ‘ಲಿಂಗ ಕಟ್ಟಿಕೊಂಡ ಮನೆ ಹುಡುಗಿ ಮೀನು ಕಂಪನಿಗೆ ಹೋಗ್ತಾಳಂತೆ, ಯಾರಿಗೆ ಹೇಳಾಕಾಗತೈತೆ ಇದನ್ನ’ ಎಂದು ಅಪ್ಪಾಜಿ ಎಗರಾಡಿದರಲ್ಲ, ಆಗ ನಾನು ಮೊದಲನೇ ಸಲ ಜೋರಾಗಿ ಮಾತಾಡಿದೆ. ‘ಅಕ್ಕ ಹೋಗ್ಲಿ, ಅವಳ ಬಗ್ಗೆ ನಾನು ಮಾತು ಕೊಡ್ತೀನಿ’ ಎಂದೆ. ‘ಮಾತೇ ಆಡದವನು ಮಾತು ಕೊಡ್ತಾನಂತೆ’ ಎಂದು ಅವರು ನಕ್ಕುಬಿಟ್ಟರು. ಆ ನಗುವಿನಲ್ಲೇ ನಿನ್ನನ್ನು ಕಳಿಸಿದರು. ಆಮೇಲೆ ಪ್ರತಿ ತಿಂಗಳೂ ಡಬ್ಬಿಯನ್ನು ಮೊದಲು ಅಂಗಡಿಯಲ್ಲಿ ಇಳಿಸಿಕೊಂಡು, ಮೋಟರು ತಂದ ರೈತರಿಗೆಲ್ಲ ತೋರಿಸುತ್ತಿದ್ದರು: ‘ನಮ್ಮ ಹುಡುಗಿ ಸಮುದ್ರನೇ ಕಳಿಸ್ಯಾಳೆ ನೋಡ್ರಿ.’ ನೀನು ಡಬ್ಬಿ ಕಳಿಸಿದ್ದು ನನ್ನ ತೊಟ್ಟಿಗಲ್ಲ, ಅಪ್ಪಾಜಿ ಆ ಮಾತು ಹೇಳುತ್ತಲೇ ಇರಲೆಂದು. ನಾನು ತಿಂಗಳು ತಿಂಗಳು ನಿನ್ನ ಸುಳ್ಳನ್ನು ನನ್ನ ಕೈಯಾರೆ ಗಾಜಿನೊಳಗೆ ಸುರಿದೆ.

ಗೊತ್ತಿಲ್ಲದವರು ಮಾಡಿದ್ದರೆ ತಪ್ಪು ಎಂದುಕೊಳ್ಳಬಹುದಿತ್ತು. ನೀನು ಪ್ರಾಣಿಶಾಸ್ತ್ರ ಓದಿದವಳು. ಸಮುದ್ರದಲ್ಲಿ ಉಪ್ಪಲ್ಲದೆ ಇನ್ನೂ ಏನೇನಿರುತ್ತದೆ, ಆ ಗುಂಡಿಗಳು ಯಾವುದನ್ನು ತಿಂದು ಬದುಕುತ್ತವೆ ಎಂದು ನನಗೆ ಪಾಠ ಹೇಳಿದವಳು ನೀನೇ. ಗಾಜಿನ ಕಡ್ಡಿ ಸರಿಯಾದ ಗೆರೆಯಲ್ಲಿ ನಿಲ್ಲಲಿ ಎಂದು ಉಪ್ಪನ್ನು ತೂಕ ಮಾಡಿ ಹಾಕಿದ್ದೀಯ. ಅಷ್ಟು ಜಾಗ್ರತೆ ವಹಿಸಿದ್ದೀಯ ಎನ್ನುವುದನ್ನೇ ನನಗೆ ತಡೆಯಲಾಗುತ್ತಿಲ್ಲ. ನೀರು ಕಳಿಸುವುದನ್ನು ನಿಲ್ಲಿಸಿದ್ದರೂ ಸಾಕಿತ್ತು, ಒಂದು ಕಾರಣ ಹೇಳಿದ್ದರೆ ಅದನ್ನೂ ನಂಬುತ್ತಿದ್ದೆ.

ಓಬಣ್ಣನವರು ತಮ್ಮಲ್ಲಿದ್ದ ಸಮುದ್ರದ ಉಪ್ಪಿನಲ್ಲಿ ಎರಡು ಕೆ.ಜಿ. ಕೊಟ್ಟಿದ್ದಾರೆ. ನೀರನ್ನು ದಿನಕ್ಕೆ ಸ್ವಲ್ಪ ಸ್ವಲ್ಪ ಬದಲಾಯಿಸುತ್ತಿದ್ದೇನೆ. ಅಯ್ನೋರು ಬದುಕಿದ್ದಾರೆ. ಗುಂಡಿಗಳಲ್ಲಿ ನಾಲ್ಕು ಉಳಿದಿವೆ, ಇವತ್ತು ಬೆಳಿಗ್ಗೆ ಒಂದು ಅರ್ಧ ಬಾಯಿ ತೆರೆದಿತ್ತು. ಅದರ ಫೋಟೋ ತೆಗೆದೆ. ಯಾರಿಗೆ ಕಳಿಸುವುದೆಂದು ತಿಳಿಯಲಿಲ್ಲ.

ಉಚ್ಚಂಗೆಪ್ಪನವರ ಕೈಯಲ್ಲಿ ಈ ಪತ್ರದ ಜೊತೆ ಖಾಲಿ ಡಬ್ಬಿಯನ್ನೂ ಒಂದು ಬಾಟಲಿಯನ್ನೂ ಕಳಿಸುತ್ತಿದ್ದೇನೆ. ಬಾಟಲಿಯಲ್ಲಿರುವುದು ನಿನ್ನ ನೀರಿನಲ್ಲಿ ಅಜ್ಜಿ ಹಾಕಿದ ನೆಲ್ಲಿಕಾಯಿ. ಉಪ್ಪು ಸಾಲದೆಂದು ಮೇಲೆ ಎರಡು ಹಿಡಿ ಹಾಕಿದ್ದಾಳೆ. ಇನ್ನೂ ಹದಿನೈದು ದಿನ ಬಿಟ್ಟು ತಿನ್ನಬೇಕಂತೆ. ಮೈ ಕಡೆ ನೋಡಿಕೋ, ಕೆಮ್ಮಿಗೆ ಬಿಸಿನೀರು ಕುಡಿ. ಭೀಮೇಶ್ ಅವರಿಗೆ ನನ್ನ ನಮಸ್ಕಾರ ಹೇಳು.

ನಿನ್ನ ತಮ್ಮ,
ರೇಣುಕಪ್ರಸಾದ್

ಮರೆತಿದ್ದೆ: ಅಪ್ಪಾಜಿ ಅಜ್ಜಿಯನ್ನು ಕರೆದುಕೊಂಡು ಈ ಭಾನುವಾರ ಬೆಳಿಗ್ಗೆ ಮಲ್ಪೆಗೆ ಹೊರಟಿದ್ದಾರೆ. ನಿನಗೆ ಹೇಳಬಾರದಂತೆ, ಹಬ್ಬದ ಕರ್ಚಿಕಾಯಿ ಕೈಗಿಟ್ಟು ನಿನ್ನ ಮುಖ ನೋಡಬೇಕಂತೆ. ಅಜ್ಜಿ ಸೀರೆ ಮಡಚಿಟ್ಟುಕೊಂಡು ‘ಸಮುದ್ರ ಸೂಳೆಕೆರೆಗಿಂತ ದೊಡ್ಡದಾ’ ಎಂದು ಏನೂ ತಿಳಿಯದವಳ ಹಾಗೆ ಕೇಳುತ್ತಿದ್ದಾಳೆ. ನಿನ್ನೆ ಅಪ್ಪಾಜಿ ನನ್ನ ಕೈಯಲ್ಲಿ ನಿನ್ನ ವಿಳಾಸ ಬರೆಸಿಕೊಂಡರು. ಅವರ ಕನ್ನಡಕ ಪಂಪ್‌ಸೆಟ್ ಅಂಗಡಿಯಲ್ಲೇ ಉಳಿದಿತ್ತು. ‘ನೀನು ಬರೆದಿದ್ದು ಅಂದಮೇಲೆ ಸರಿ ಇರತೈತೆ ಬಿಡು’ ಎಂದು ಓದದೇ ಮಡಚಿ, ಭಾನುವಾರ ತೊಡುವ ಬಿಳಿ ಅಂಗಿಯ ಜೇಬಿಗೆ ಹಾಕಿದರು. ಸುಳ್ಳು ವಿಳಾಸ ಬರೆಯಲು ನನ್ನಿಂದಾಗಲಿಲ್ಲ ಅಕ್ಕಾ. ಅದರಲ್ಲಿರುವುದು ಜಗಳೂರಿನ ಜೆರಾಕ್ಸ್ ಅಂಗಡಿ. ಶಿವಮೊಗ್ಗದಲ್ಲಿ ಉಡುಪಿ ಬಸ್ಸು ಹತ್ತುವಾಗ ತೆಗೆದು ಓದುತ್ತಾರೆ. ಅಂಗಿ ಇನ್ನೂ ಗೂಟದಲ್ಲಿದೆ. ಶನಿವಾರ ಸಂಜೆಯೊಳಗೆ ನೀನೇ ಬಂದು ಅವರೆದುರು ನಿಂತು ಹೇಳಿದರೆ ಆ ಚೀಟಿಯನ್ನು ನಾನು ತೆಗೆದು ಹರಿಯುತ್ತೇನೆ. ಈ ಸಲ ಡಬ್ಬಿ ಕಳಿಸಬೇಡ, ನೀನು ಬಾ.