ಹನ್ನೊಂದನೇ ತರಗತಿ ಎಲ್ಲಿ ಹೋಯಿತು, ಸ್ವಾಮಿ?

ಶಾಲಾ ಶಿಕ್ಷಣದ ಹೊಣೆ ಹೊತ್ತಿರುವ ಹಿರಿಯ ಅಧಿಕಾರಿಗಳ ಸನ್ನಿಧಾನಕ್ಕೆ,

ಮಾನ್ಯರೇ,

ನನ್ನ ಮಗಳು ಹನ್ನೊಂದನೇ ತರಗತಿಯಲ್ಲಿ ಓದುತ್ತಿದ್ದಾಳೆಂದು ನಿಮ್ಮ ದಾಖಲೆಗಳು ಹೇಳುತ್ತವೆ. ಶಾಲೆಯ ಹಾಜರಿ ಹೇಳುತ್ತದೆ, ಅವಳ ಬಸ್ ಪಾಸೂ ಹೇಳುತ್ತದೆ. ಆದರೆ ಜೂನ್ ತಿಂಗಳಿಂದ ಇವತ್ತಿನವರೆಗೆ ಹನ್ನೊಂದರ ಒಂದೇ ಒಂದು ಪಾಠವನ್ನು ಅವಳಿಗೆ ಯಾರೂ ಮಾಡಿಲ್ಲ. ಮಾಡುವ ಉದ್ದೇಶವೂ ಯಾರಿಗೂ ಇಲ್ಲ. ಶಾಲೆಯ ಬಾಗಿಲು ತೆರೆದ ದಿನದಿಂದ ನಡೆಯುತ್ತಿರುವುದು ಹನ್ನೆರಡನೇ ತರಗತಿಯ ಪಾಠ. ಮುಂದಿನ ವರ್ಷ ಅದೇ ಪಾಠ ಮತ್ತೊಮ್ಮೆ ನಡೆಯುತ್ತದೆ, ಆಮೇಲೆ ಅದರ ಮೇಲೆ ಪರೀಕ್ಷೆಗಳ ಮೇಲೆ ಪರೀಕ್ಷೆ. ಇದು ನನ್ನ ಮೊದಲ ದೂರು. ಈ ನಿಜವನ್ನು ನನ್ನ ಮಗಳು ಒಮ್ಮೆ ಬಾಯಿಬಿಟ್ಟು ಹೇಳಿದಳು. ಅದಕ್ಕಾಗಿ ಅವಳಿಗೆ ಏನಾಯಿತು ಎಂಬುದು ಎರಡನೆಯ ದೂರು.

ಚೆನ್ನೈನಲ್ಲಿ ಕುಳಿತ ಹೆಂಗಸು ಕನ್ನಡದಲ್ಲಿ ಯಾಕೆ ಬರೆಯುತ್ತಾಳೆ ಎಂದು ನೀವು ಹುಬ್ಬೇರಿಸಬಹುದು. ಕಾರಣ ಸರಳ. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಬರೆದರೆ ಅದು ಶಾಲೆಗೂ ಅರ್ಥವಾಗುತ್ತದೆ. ತಮಿಳಿನಲ್ಲಿ ಬರೆದರೆ ನಾಳೆ ಬೆಳಿಗ್ಗೆ ಪ್ರಿನ್ಸಿಪಾಲರ ಮೇಜಿನ ಮೇಲಿರುತ್ತದೆ, ಇಂಗ್ಲಿಷಿನಲ್ಲಿ ಬರೆದರೆ ಇವತ್ತು ಸಂಜೆಯೇ. ಹಾಗಾಗಿ ನಮ್ಮ ಕನ್ನಡ ಸಂಘದ ಮಾಸಪತ್ರಿಕೆಯಲ್ಲಿ, ನೀವು ಓದಲಾರಿರಿ ಎಂಬ ಧೈರ್ಯದ ಮೇಲೆ ನಿಮಗೇ ಬರೆಯುತ್ತಿದ್ದೇನೆ. ಮಗಳನ್ನು ಇಲ್ಲಿ ಕೃತಿ ಎಂದು ಕರೆಯುತ್ತೇನೆ, ಅದು ಅವಳ ಹೆಸರಲ್ಲ. ಶಾಲೆಯ ಹೆಸರು ಬರೆಯುವುದಿಲ್ಲ, ನನ್ನದನ್ನೂ ಬರೆಯುವುದಿಲ್ಲ. ಬಹಿರಂಗ ಪತ್ರವನ್ನು ಹೀಗೆ ಬಚ್ಚಿಟ್ಟುಕೊಂಡು ಬರೆಯಬೇಕಾದ ಸ್ಥಿತಿಗೆ ನಮ್ಮನ್ನು ತಂದಿಟ್ಟ ವ್ಯವಸ್ಥೆಗೆ ಮೊದಲು ಒಂದು ನಮಸ್ಕಾರ.

ದೇಶಕ್ಕೆಲ್ಲ ಒಂದೇ ಏಣಿ ಇರಲಿ ಎಂದು ದೊಡ್ಡವರು ಹಿಂದೆ ಯೋಚಿಸಿ, ಹತ್ತು ವರ್ಷ ಸಾಮಾನ್ಯ ಶಿಕ್ಷಣ, ಅದರ ಮೇಲೆ ಎರಡು ವರ್ಷ ಎಂದು ಕಟ್ಟಿದರು. ಹತ್ತು ಮತ್ತು ಎರಡು. ಕೇಳಲಿಕ್ಕೆ ಎಷ್ಟು ಚೆನ್ನಾಗಿದೆ! ಆ ಎರಡರಲ್ಲಿ ಮೊದಲ ವರ್ಷ ಮಗು ಒಂದು ವಿಷಯದ ಬುಡ ನೋಡಬೇಕು, ಎರಡನೇ ವರ್ಷ ಅದರ ಮೇಲೆ ಹತ್ತಬೇಕು. ನಮ್ಮಲ್ಲಿ ನಡೆಯುವುದು ಹತ್ತು ಮತ್ತು ಒಂದು, ಆ ಒಂದು ಎರಡು ಸಲ. ಯಾಕೆಂದರೆ ಸರ್ಕಾರಿ ಪರೀಕ್ಷೆ ಇರುವುದು ಹನ್ನೆರಡಕ್ಕೆ ಮಾತ್ರ. ಈಗ ಪ್ರವೇಶ ಪರೀಕ್ಷೆಯೂ ಹೋಗಿ, ಇಂಜಿನಿಯರಿಂಗಾಗಲಿ ಮೆಡಿಕಲ್ಲಾಗಲಿ ಹನ್ನೆರಡರ ಅಂಕದ ಮೇಲೇ ಸೀಟು ಎಂದಾಗಿದೆ. ಹನ್ನೊಂದರ ಅಂಕವನ್ನು ಕೇಳುವವರು ಭೂಮಿಯ ಮೇಲೆ ಯಾರೂ ಇಲ್ಲ. ಯಾರೂ ಕೇಳದ ಅಂಕಕ್ಕೆ ಪಾಠ ಯಾಕೆ? ನಮ್ಮ ವೇಲಚೇರಿಯಲ್ಲಿ ರೈಲು ಸ್ಟೇಷನ್ ಕಟ್ಟಿ ನಿಲ್ಲಿಸಿ ಬಹಳ ದಿನವಾಯಿತು, ರೈಲು ಇನ್ನೂ ಬಂದಿಲ್ಲ. ಆದರೂ ಇವತ್ತಲ್ಲ ನಾಳೆ ಬಂದೀತು ಎಂದು ಮೆಟ್ಟಿಲು ಗುಡಿಸುತ್ತಾರೆ. ಹನ್ನೊಂದನೇ ತರಗತಿಗೆ ಆ ಭಾಗ್ಯವೂ ಇಲ್ಲ.

ಕೃತಿ ಫಸ್ಟ್ ಗ್ರೂಪಿನವಳು. ಗಣಿತ, ಭೌತ, ರಸಾಯನ, ಕಂಪ್ಯೂಟರ್. ಮನೆಮಾತು ಕನ್ನಡ, ಬೀದಿಯಲ್ಲಿ ತಮಿಳು, ಪುಸ್ತಕ ಇಂಗ್ಲಿಷ್, ಅಂಕಕ್ಕೆಂದು ಫ್ರೆಂಚ್. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಎಷ್ಟೋ ಸಲ ತಮಿಳಿನಲ್ಲಿ ಉತ್ತರ ಕೊಡುವವಳು. ಚಿಕ್ಕಂದಿನಿಂದ ಅವಳದೊಂದೇ ಕಾಯಿಲೆ, ಯಾಕೆ ಎಂದು ಕೇಳುವುದು. ಜೂನ್ ತಿಂಗಳಲ್ಲಿ ಭೌತಶಾಸ್ತ್ರದ ಟೀಚರು ಬೋರ್ಡಿನ ಮೇಲೆ ಒಂದು ಸೂತ್ರ ಬರೆದರು. ಅದು ಎಲ್ಲಿಂದ ಬಂತು ಎಂದು ಇವಳು ಕೇಳಿದಳು. ಆ ಟೀಚರು ಕೊಟ್ಟ ಉತ್ತರವನ್ನು ನೀವು ಕಟ್ಟು ಹಾಕಿಸಿ ನಿಮ್ಮ ಕಚೇರಿಯ ಗೋಡೆಗೆ ತೂಗುಹಾಕಬೇಕು. "ಅದು ಇಲೆವೆಂತ್ ಪೋರ್ಷನ್ ಮಾ. ನಮಗೆ ಬೇಡ." ಹೇಳಿದ್ದು ಹನ್ನೊಂದನೇ ತರಗತಿಯಲ್ಲಿ ಕುಳಿತ ಮಕ್ಕಳಿಗೆ.

ಸಂಜೆ ಇದನ್ನು ಕೇಳಿ ನಮ್ಮ ಅತ್ತೆ ಜಯಲಕ್ಷ್ಮಮ್ಮನವರು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಅಕ್ಕಿ ನೆನೆಹಾಕ್ದೆ ಯಾರಾದ್ರೂ ರುಬ್ಬಕ್ಕೆ ಹಾಕ್ತಾರೇನೇ?" ಅಂದರು. ಆ ಟೀಚರನ್ನು ನಾನು ದೂರುವುದಿಲ್ಲ. ಪೇರೆಂಟ್ಸ್ ಮೀಟಿಂಗಿನಲ್ಲಿ ಸಿಕ್ಕಾಗ, ಸುತ್ತ ನೋಡಿ ದನಿ ತಗ್ಗಿಸಿ ಅವರೇ ಹೇಳಿದರು: "ಹನ್ನೊಂದರ ಪಾಠ ಮಾಡಕ್ಕೆ ನನಗೂ ಆಸೆ ಮೇಡಂ. ಮಾಡಿದ್ರೆ ಮುಂದಿನ ತಿಂಗಳು ನಾನಿಲ್ಲಿ ಇರಲ್ಲ."

ಅತ್ತೆಯವರ ಪ್ರಸ್ತಾಪ ಬಂದದ್ದು ಒಳ್ಳೆಯದಾಯಿತು, ಈ ಕಥೆಯಲ್ಲಿ ಅವರದೂ ಪಾತ್ರವಿದೆ. ಹನ್ನೊಂದರ ಭೌತಶಾಸ್ತ್ರದ ಪುಸ್ತಕವನ್ನು ಶಾಲೆಯಲ್ಲಿ ಯಾರೂ ತೆರೆಯುವುದಿಲ್ಲವೆಂದು ತಿಳಿದ ಮೇಲೆ ಅವರು ಅದನ್ನು ವೆಟ್ ಗ್ರೈಂಡರಿನ ಒಂದು ಕಾಲಿನ ಕೆಳಗೆ ಇಟ್ಟಿದ್ದರು, ಅಲುಗಾಡದಿರಲಿ ಎಂದು. ಆಗಸ್ಟಿನಲ್ಲಿ ಒಂದು ದಿನ ಕೃತಿ ಬಂದು, "ಅಮ್ಮಾ, ನಾಳೆ ಇನ್‌ಸ್ಪೆಕ್ಷನ್. ಎಲ್ಲಾರೂ ಇಲೆವೆಂತ್ ಬುಕ್ ತರಬೇಕಂತೆ" ಅಂದಳು. ಗ್ರೈಂಡರ್ ಎತ್ತಿ ಪುಸ್ತಕ ತೆಗೆದೆವು. ಮುಖಪುಟದ ಮೇಲೆ ಕಾಲಿನ ದುಂಡು ಗುರುತು, ಅಂಚಿನಲ್ಲಿ ಒಣಗಿದ ದೋಸೆ ಹಿಟ್ಟು. ಒದ್ದೆ ಬಟ್ಟೆಯಲ್ಲಿ ಒರೆಸಿದ್ದಕ್ಕೆ ಹಾಳೆಗಳು ಉಬ್ಬಿಕೊಂಡವು. ಹಾಗೆಯೇ ಚೀಲಕ್ಕೆ ಹಾಕಿಕೊಂಡು ಹೋದಳು.

ಮಾರನೆಯ ದಿನ ಎಲ್ಲರೂ ಟೀಚರು ಹೇಳಿದ ಪುಟ ತೆರೆದು ಕೈಕಟ್ಟಿ ಕೂತಿದ್ದಾರೆ. ತಪಾಸಣೆಗೆ ಬಂದ ಅಧಿಕಾರಿ ಬೆಂಚುಗಳ ನಡುವೆ ಬಂದರು. ಎಲ್ಲರ ಪುಸ್ತಕವೂ ಅಂಗಡಿಯಿಂದ ತಂದಂತೆ ಗರಿಗರಿ. ಇಡೀ ತರಗತಿಯಲ್ಲಿ ಓದಿ ಓದಿ ಸವೆದಂತೆ ಕಾಣುತ್ತಿದ್ದುದು ಇವಳದೊಂದೇ! ಪಾಪ, ಅವರು ಮೆಚ್ಚಿಕೊಂಡು ಇವಳ ಮುಂದೆ ನಿಂತರು. "ಈಗ ಯಾವ ಪಾಠ ನಡೀತಿದೆಯಮ್ಮ?" ಎಂದು ಕೇಳಿದರು. ಇವಳು ಎದ್ದು ನಿಂತು, "ಸರ್, ಈ ಪುಸ್ತಕ ಇವತ್ತೇ ತೆರೆದದ್ದು. ನಾವು ಟ್ವೆಲ್ತ್ ಓದ್ತಿದ್ದೀವಿ" ಅಂದಳು.

ತರಗತಿ ನಕ್ಕಿತು. ನಿಮ್ಮ ಅಧಿಕಾರಿಗಳೂ ನಕ್ಕರು. "ವೆರಿ ಸ್ಮಾರ್ಟ್" ಎಂದರು. ಆಮೇಲೆ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಕಾಫಿ ಕುಡಿದು ಹೊರಟುಹೋದರು.

ಮಾನ್ಯರೇ, ಒಂದು ಮಾತು ಕೇಳುತ್ತೇನೆ. ನಿಮ್ಮ ಅಧಿಕಾರಿ ಬಂದದ್ದು ಯಾವ ನಿಜವನ್ನು ತಿಳಿಯಲಿಕ್ಕೋ ಆ ನಿಜವನ್ನು ಒಬ್ಬ ಹುಡುಗಿ ಎದ್ದು ನಿಂತು ಅವರ ಕೈಗೇ ಇಟ್ಟಳು. ಅವರು ಅದನ್ನು ಏನು ಮಾಡಿದರು? ವರದಿಯಲ್ಲಿ ಬರೆದರೇ? ಕಾಫಿಯ ಜೊತೆ ಕುಡಿದರೇ? ನನಗೆ ಗೊತ್ತಿರುವುದು ಇಷ್ಟೇ: ಮೂರನೇ ದಿನ ನಮ್ಮನ್ನು ಶಾಲೆಗೆ ಕರೆಸಿದರು.

ಪ್ರಿನ್ಸಿಪಾಲರು ಬಹಳ ಮರ್ಯಾದಸ್ಥರು. ಪಕ್ಕದಲ್ಲಿ ಕರೆಸ್ಪಾಂಡೆಂಟರು, ಅಂದರೆ ಶಾಲೆಯ ಮಾಲೀಕರು, ಕೂತಿದ್ದರು. "ಇಂಗೆ ಪಾರುಂಗಮ್ಮಾ," ಇಲ್ಲಿ ನೋಡಿಯಮ್ಮ ಎಂದೇ ಪ್ರಿನ್ಸಿಪಾಲರು ಶುರುಮಾಡಿದರು, "ನಿಮ್ಮ ಮಗಳು ತುಂಬಾ ಬುದ್ಧಿವಂತೆ. ಅದೇ ತೊಂದರೆ." ದಾರಿ ಎರಡಿತ್ತು. ತಾನು ಹೇಳಿದ್ದು ಸುಳ್ಳು, ಶಾಲೆಯಲ್ಲಿ ಹನ್ನೊಂದರ ಪಾಠ ಕ್ರಮವಾಗಿ ನಡೆಯುತ್ತಿದೆ ಎಂದು ಕೃತಿ ಬರೆದುಕೊಡುವುದು ಒಂದು. ಟಿ.ಸಿ. ತೆಗೆದುಕೊಂಡು ಹೋಗುವುದು ಇನ್ನೊಂದು. ಕರೆಸ್ಪಾಂಡೆಂಟರು ಬಾಯಿ ತೆರೆದದ್ದು ಒಂದೇ ಸಲ: "ಸೋಮವಾರದೊಳಗೆ ಹೇಳಿ."

ಟಿ.ಸಿ. ತೆಗೆದುಕೊಂಡು ಎಲ್ಲಿಗೆ ಹೋಗೋಣ? ನೀವೇ ಕಟ್ಟಿದ ಮನೆ, ಬಾಗಿಲು ಎಲ್ಲಿದೆ ಎಂದು ನೀವೇ ತೋರಿಸಿ. ವೇಲಚೇರಿಯಿಂದ ನುಂಗಂಬಾಕ್ಕಂವರೆಗೆ, ನಮ್ಮ ವಿಮಾ ಕಚೇರಿಯಲ್ಲಿ ರಜೆ ಹಾಕಿ ಶಾಲೆ ಶಾಲೆ ಸುತ್ತಿದೆ. ಒಂದರಲ್ಲಿ, ನಡುವರ್ಷದಲ್ಲಿ ಬಂದ ಹುಡುಗಿ ಏನು ಮಾಡಿಕೊಂಡಿದ್ದಾಳೋ ಎಂಬಂತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಇನ್ನೊಂದರಲ್ಲಿ ಹೆಮ್ಮೆಯಿಂದ, "ನಾವು ಹನ್ನೆರಡರ ಅರ್ಧ ಆಗಲೇ ಮುಗಿಸಿದ್ದೇವೆ, ನಿಮ್ಮ ಮಗಳು ಹಿಂದೆ ಬೀಳ್ತಾಳೆ" ಅಂದರು. ದಿಲ್ಲಿಯ ಕೇಂದ್ರ ಶಿಕ್ಷಣ ಮಂಡಳಿಯ ಶಾಲೆಯಲ್ಲಿ ಹೆಸರು ನೋಂದಾಯಿಸುವ ಗಡುವು ಮುಗಿದಿತ್ತು, ಪುಸ್ತಕಗಳೂ ಬೇರೆ. ಮೈಸೂರಿನ ನಮ್ಮಣ್ಣನಿಗೆ ಫೋನ್ ಮಾಡಿದೆ. ಅಲ್ಲಿ ಇದೇ ಹನ್ನೊಂದಕ್ಕೆ ಪಿ.ಯು. ಎಂದು ಹೆಸರು, ಅದು ಶಾಲೆಯಲ್ಲ ಕಾಲೇಜು, ಸೇರುವ ದಿನ ದಾಟಿಹೋಗಿದೆ. ದೇಶ ಒಂದು, ಏಣಿ ಒಂದು, ಆದರೆ ಒಂದು ಮೆಟ್ಟಿಲಿನಿಂದ ಪಕ್ಕದ ಮೆಟ್ಟಿಲಿಗೆ ಕಾಲಿಡುವ ಹಾಗಿಲ್ಲ. ನಮ್ಮವರು ರೈಲ್ವೆಯಲ್ಲಿದ್ದಾರೆ. "ನಮ್ಮಲ್ಲಿ ಗೂಡ್ಸ್ ವ್ಯಾಗನ್‌ನೂ ಒಂದು ಲೈನಿಂದ ಇನ್ನೊಂದು ಲೈನಿಗೆ ಹಾಕ್ಬಹುದು ಕಣೇ" ಎಂದು ಅವರು ತಲೆಯ ಮೇಲೆ ಕೈಹೊತ್ತು ಕೂತರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅವರೇ ಮಗಳಿಗೆ ಹೇಳಿದರು: "ಬರೆದುಕೊಟ್ಬಿಡು ಕಣ್ಣಾ. ಇನ್ನೊಂದೂವರೆ ವರ್ಷ ಹಲ್ಲು ಕಚ್ಚಿಕೊಂಡಿರು." ಕೃತಿ ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು. "ಇನ್‌ಸ್ಪೆಕ್ಷನ್ ಅಂದ್ರೆ ನೋಡಕ್ಕೆ ತಾನೇ ಬರೋದು?" ಎಂದಳು. "ಅಪ್ಪುರಂ, ಮತ್ತೆ ನಾನ್ ಏನ್ ತಪ್ಪು ಮಾಡ್ದೆ?" ಅವರು ಒಂದು ಬಿಳಿ ಹಾಳೆ ತಂದು ಅವಳ ಮುಂದಿಟ್ಟರು. ಅವಳು ಬರೆದುಕೊಟ್ಟಳು. ನಾವಿಬ್ಬರೂ ಕೆಳಗೆ ಸಹಿ ಹಾಕಿದೆವು.

ಎರಡು ವರ್ಷದ ಹಿಂದೆ ದಿಲ್ಲಿಯಿಂದ ಪಠ್ಯಕ್ರಮದ ಹೊಸ ಚೌಕಟ್ಟು ಹೊರಟಿತೆಂದು ಪತ್ರಿಕೆಯಲ್ಲಿ ಓದಿದ್ದೆ. ಕಂಠಪಾಠ ಬಿಡಿ, ಮಗು ಪ್ರಶ್ನೆ ಕೇಳಲಿ, ತನ್ನ ತಿಳಿವನ್ನು ತಾನೇ ಕಟ್ಟಿಕೊಳ್ಳಲಿ ಎಂದೆಲ್ಲ ಅದರಲ್ಲಿ ಇದೆಯಂತೆ. ಸಂತೋಷ. ಅದನ್ನು ಬರೆದವರು ಒಳ್ಳೆಯವರೇ ಇರಬೇಕು. ಆದರೆ ಅವರಿಗೂ ನಮ್ಮ ಬೆಂಚಿಗೂ ನಡುವೆ ನೀವಿದ್ದೀರಿ, ಮಾನ್ಯರೇ. ನಿಮ್ಮ ಶಿಕ್ಷಣದ ಉದ್ದೇಶವೇನು ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಆ ಘಟನೆಯ ಮರುವಾರ ಮನೆಗೆ ಬಂದ ಹೋಂವರ್ಕನ್ನು ತೋರಿಸುತ್ತೇನೆ. ಹನ್ನೊಂದರ ಪುಸ್ತಕಗಳು ಹೊಸದಾಗಿ ಕಾಣಬಾರದು, ಆದ್ದರಿಂದ ಎಲ್ಲ ಮಕ್ಕಳೂ ಪ್ರತಿ ಪುಟದಲ್ಲೂ ಪೆನ್ಸಿಲಿನಿಂದ ಗೆರೆ ಎಳೆದು, ಮೂಲೆ ಮಡಚಿ ತರಬೇಕು. ಓದಬೇಕೆಂದು ಯಾರೂ ಹೇಳಲಿಲ್ಲ. ನಮ್ಮ ನಡುಮನೆಯಲ್ಲಿ ಮಗಳು ಟಿ.ವಿ. ನೋಡುತ್ತ ಸ್ಕೇಲು ಹಿಡಿದು ಗೆರೆ ಎಳೆದಳು. ಕೆಳಗೆ ಏನಿದೆ ಎಂದು ಒಂದು ಸಲವೂ ನೋಡಲಿಲ್ಲ. ಯಾಕೆ ಎಂದೂ ಕೇಳಲಿಲ್ಲ. ನನಗೆ ಭಯವಾದದ್ದು ಆವತ್ತು.

ಈಗ ನಿಮ್ಮ ಅಧಿಕಾರಿಗಳು ಮತ್ತೆ ಬರುತ್ತಾರಂತೆ. ಹೋದ ಸಲದವರೇ. ಅವರಿಗೆ ಇವಳ ಮುಖ ನೆನಪಿರುತ್ತದೆ, ಆದ್ದರಿಂದ ಈ ಸಲ ಅವರಿಗೆ ಉತ್ತರ ಹೇಳಲು ಶಾಲೆ ಕೃತಿಯನ್ನೇ ಆರಿಸಿದೆ. "ಮನೆಯಲ್ಲಿ ಸ್ವಲ್ಪ ಪ್ರಾಕ್ಟೀಸ್ ಮಾಡಿಸಿ" ಎಂದು ಪ್ರಿನ್ಸಿಪಾಲರು ಫೋನ್ ಮಾಡಿ ಹೇಳಿದರು. ಬಹಳ ಪ್ರೀತಿಯಿಂದಲೇ ಹೇಳಿದರು.

ಹಾಗಾಗಿ ನಿನ್ನೆ ಸಂಜೆ ನಮ್ಮ ಮನೆಯಲ್ಲಿ ನಾನು ನೀವಾಗಿದ್ದೆ. ಅತ್ತೆಯವರು ಬೇಡವೆಂದು ಎದ್ದು ಬಾಲ್ಕನಿಗೆ ಹೋದರು. ಕೃತಿ ನನ್ನೆದುರು ನೆಟ್ಟಗೆ ನಿಂತಳು. "ಯಾವ ಪಾಠ ನಡೀತಿದೆಯಮ್ಮ?" ಎಂದು ಕೇಳಿದೆ. "ಸರ್, ಗುರುತ್ವಾಕರ್ಷಣೆ ನಡೀತಿದೆ. ಮುಂದಿನ ವಾರ ಮುಗಿಯುತ್ತೆ ಸರ್," ಅಂದಳು. ಒಂದಿಷ್ಟೂ ತಡವರಿಸಲಿಲ್ಲ, ನಗು ಕೂಡ ಇತ್ತು. ನನಗೆ ತಡೆಯಲಾಗಲಿಲ್ಲ. "ಹೌದಾ? ಹಾಗಾದ್ರೆ ಅದರಲ್ಲಿ ನಿನಗೆ ಅರ್ಥವಾಗದ್ದು ಏನು, ಹೇಳು" ಎಂದೆ. ಅವಳು ಮಕ್ಕಳಿಗೆ ತಿಳಿಹೇಳುವ ದನಿಯಲ್ಲಿ, "ಅದೆಲ್ಲಾಂ ಅವಂಗ ಕೇಕ್ಕ ಮಾಟ್ಟಾಂಗಮ್ಮಾ" ಅಂದಳು. ಅದನ್ನೆಲ್ಲ ಅವರು ಕೇಳುವುದಿಲ್ಲಮ್ಮ.

ನನ್ನ ಬೇಡಿಕೆ ದೊಡ್ಡದಲ್ಲ. ಹನ್ನೊಂದನೇ ತರಗತಿಯನ್ನು ನಡೆಸಿ, ಇಲ್ಲವೇ ರದ್ದುಮಾಡಿ ಆ ವರ್ಷವನ್ನು ಮಕ್ಕಳಿಗೆ ವಾಪಸು ಕೊಡಿ. ಅದೆಲ್ಲ ನಿಧಾನಕ್ಕೆ ಆಗುವ ಕೆಲಸವಾದರೆ, ಈ ಸಲ ಶಾಲೆಗೆ ಬಂದಾಗ, ಯಾವ ಪಾಠ ನಡೆಯುತ್ತಿದೆ ಎಂದು ಕೇಳಿ ಅಷ್ಟಕ್ಕೇ ಬಿಡದೆ, ಅದರ ಮೇಲೆ ಎರಡನೇ ಪ್ರಶ್ನೆಯೊಂದನ್ನು ಕೇಳಿ. ದಯವಿಟ್ಟು ನನ್ನ ಮಗಳನ್ನು ಕೇಳಬೇಡಿ. ಅವಳು ನಿಜ ಹೇಳಿದರೆ ಹೋಗಲು ಅವಳಿಗೆ ಬೇರೆ ಶಾಲೆಯಿಲ್ಲ, ಹೇಳದಿದ್ದರೆ ನನಗೆ ಬೇರೆ ಮಗಳಿಲ್ಲ. ಕಾಫಿ ಬರುವ ಮುಂಚೆ, ಆ ಕೋಣೆಯಲ್ಲಿ ಕೂತಿರುವ ದೊಡ್ಡವರನ್ನು ಕೇಳಿ. ನೀವು ಕೇಳಿದಿರಿ ಎಂದು ಅವಳು ಒಂದು ದಿನ ಮನೆಗೆ ಬಂದು ನನಗೆ ಹೇಳಲಿ.

ಇಂತಿ,
ಮಗಳ ಸುಳ್ಳಿನ ಕೆಳಗೆ ಸಹಿ ಹಾಕಿದ, ಈ ನಿಜದ ಕೆಳಗೆ ಹಾಕಲು ಹೆದರುವ
ಒಬ್ಬ ತಾಯಿ
ವೇಲಚೇರಿ, ಚೆನ್ನೈ
ಅಕ್ಟೋಬರ್ ೨೦೦೭